ಲೌಂಜಿನ ಬೀಗರೂಟ

ಕುಂದೂರು
ಗುರುವಾರ, ಮಧ್ಯಾಹ್ನ

ಹೆತ್ತೂರಿನ ನಮ್ಮ ಬೀಗಿತ್ತಿ ಕಲ್ಯಾಣಮ್ಮನವರಿಗೆ ಹೆಣ್ಣು ಕೊಟ್ಟವಳ ನಮಸ್ಕಾರ.

ಮೊದಲು ಮಗುವಿನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದಿನದನ್ನು ಓದುವುದಿಲ್ಲ. ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ಎಣ್ಣೆ ಹಚ್ಚಿ ನೀರು ಹಾಕುವಾಗ ಊರಿಗೆಲ್ಲ ಕೇಳುವಂತೆ ಕಿರುಚುತ್ತಾಳೆ, ಒರೆಸಿ ಸಾಂಬ್ರಾಣಿ ಹೊಗೆ ಕೊಟ್ಟ ಕೂಡಲೇ ಏನೂ ಆಗಿಲ್ಲವೆಂಬಂತೆ ನಗುತ್ತಾಳೆ. ಮೂಗು ನಿಮ್ಮದೇ. ಕೋಪವೂ ನಿಮ್ಮದೇ. ಹಾಲು ಸ್ವಲ್ಪ ತಡವಾದರೆ ಸಾಕು, ಮುಖವನ್ನು ಗೋಡೆ ಕಡೆ ತಿರುಗಿಸಿಬಿಡುತ್ತಾಳೆ. ಆಮೇಲೆ ರಶ್ಮಿತಾ ಎಷ್ಟು ಮುದ್ದು ಮಾಡಿ ಕರೆದರೂ ಇತ್ತ ತಿರುಗುವುದಿಲ್ಲ. "ಬಂದ್ರು ನೋಡು ಹೆತ್ತೂರಮ್ಮ" ಅಂತ ನಾನು ನಗುತ್ತೇನೆ. ರಶ್ಮಿತಾ ನನಗೆ ಬೈಯುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ನಮ್ಮ ಮನೆಯಲ್ಲಿ ನಾಮಕರಣ. ಅದನ್ನು ಹೇಳಿ ಬರಲಿ ಅಂತ ನನ್ನ ನಾದಿನಿ ಹುಲಿಯಮ್ಮನನ್ನು ಹೆತ್ತೂರಿಗೆ ಕಳಿಸಿದ್ದೆ. ಮೊನ್ನೆ ಅವಳು ವಾಪಸು ಬಂದವಳೇ ಚೀಲ ಕೆಳಗಿಡುವ ಮೊದಲೇ ನಿಮ್ಮ ಮಾತನ್ನು ಒಪ್ಪಿಸಿದಳು. "ಕುಂದೂರಿನ ಹೊಸ್ತಿಲು ನಾನು ತುಳಿಯಾಕಿಲ್ಲ. ಆ ಮನೆಯೋರು ನನ್ನ ಇನ್ನೂ ಊಟಕ್ಕೆ ಕರೆದೇ ಇಲ್ಲ" ಅಂದಿರಂತೆ. ಹುಲಿಯಮ್ಮ ಪಾಪ, ನನ್ನ ಪರವಾಗಿ ಒಂದು ಮಾತು ಎತ್ತಿದಳಂತೆ, "ಡೆಲ್ಲಿಗೋಗೋವಾಗ ವಿಮಾನದ ತಾವ ಕರೆದಿದ್ರಂತಲ್ಲ ನಮ್ಮತ್ತಿಗೆ" ಅಂತ. ಅದಕ್ಕೆ ನೀವು, "ಅದು ಲೆಕ್ಕಕ್ಕೆ ಬರಾಕಿಲ್ಲ ಕಣಮ್ಮ. ಯಾರ ಮನೆ ಅನ್ನವೋ ಅದು. ಕಂಡೋರ ಅನ್ನಕ್ಕೆ ಕರೆಯಾಕೆ ಅವ್ರ್ಯಾರು?" ಅಂದಿರಂತೆ.

ಲೆಕ್ಕಕ್ಕೆ ಬರುತ್ತದೆ ಬೀಗಿತ್ತಿ. ಹೇಗೆ ಬರುತ್ತದೆ ಅಂತ ಹೇಳುವುದಕ್ಕೇ ಈ ಕಾಗದ. ಎದುರಿಗೆ ಹೇಳಹೊರಟರೆ ನೀವು ಎರಡನೇ ಮಾತಿಗೆ ಅಡ್ಡ ಬಾಯಿ ಹಾಕುತ್ತೀರಿ, ನಾನು ಮೂರನೇ ಮಾತಿಗೆ ಹಳೆಯದನ್ನು ಕೆದಕುತ್ತೇನೆ, ಅಲ್ಲಿಗೆ ಮಗುವಿನ ನಾಮಕರಣ ಕೆಟ್ಟಂತೆಯೇ. ಕಾಗದವಾದರೆ ಪೂರ್ತಿ ಓದಿ ಮುಗಿಸುವವರೆಗೆ ನೀವು ಸುಮ್ಮನಿರಲೇಬೇಕು. ನಿಮ್ಮನ್ನು ಇಷ್ಟು ಹೊತ್ತು ಸುಮ್ಮನಿರಿಸುವ ಭಾಗ್ಯ ನನಗೆ ಇನ್ನೆಂದು ಸಿಕ್ಕೀತು ಹೇಳಿ.

ಹಳೆಯದನ್ನು ಕೆದಕಬಾರದು ಅಂತಲೇ ಇದ್ದೆ, ಆದರೂ ಸ್ವಲ್ಪ ಕೆದಕದೆ ಆಗುವುದಿಲ್ಲ. ಆಲೂರಿನ ಕಲ್ಯಾಣ ಮಂಟಪದಲ್ಲಿ ನಿಮ್ಮ ಧರ್ಮನಿಗೂ ನಮ್ಮ ರಶ್ಮಿತಾಗೂ ಮದುವೆ. ಧಾರೆ ಮುಗಿಯಿತು, ಎಲೆ ಹಾಕಿದರು, ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ನಮ್ಮ ಕಡೆ ಅಡಿಗೆ ಆದರೆ ಸಾಲದು, ಎಲೆ ಹಾಕಿದರೂ ಸಾಲದು. ಮನೆಯವರು ಎದುರಿಗೆ ಬಂದು ನಿಂತು "ಏಳಿ, ಊಟಕ್ಕೇಳಿ" ಅನ್ನಬೇಕು. ಅನ್ನದಿದ್ದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಮಾನವಂತರು ಏಳುವುದಿಲ್ಲ. ಅದರಲ್ಲೂ ಗಂಡಿನ ತಾಯಿ. ನಾನು ಆ ಹೊತ್ತಿಗೆ ಮಗಳಿಗೆ ಮಡಿಲು ತುಂಬುತ್ತಿದ್ದೆ, ಹುಲಿಯಮ್ಮನಿಗೆ "ಹೋಗಿ ಬೀಗ್ತಿನ ಊಟಕ್ಕೆ ಎಬ್ಬಿಸು" ಅಂದೆ. ಅವಳು ಹೊರಟಳು ಕೂಡ. ಅರ್ಧ ದಾರಿಯಲ್ಲಿ ಯಾರೋ ಉಗ್ರಾಣದ ಬೀಗದ ಕೈ ಕೇಳಿದರಂತೆ, ಅದನ್ನು ಹುಡುಕುತ್ತಾ ಹೋದವಳು ನಿಮ್ಮನ್ನು ಮರೆತೇಬಿಟ್ಟಳು. ಹಾಗಾಗಿ ಈಗಲೂ ಹೇಳುತ್ತೇನೆ, ನಾನು ಕರೆಸಿದ್ದೆ. ಕರೆ ನಿಮ್ಮ ತನಕ ಬಂದು ಮುಟ್ಟಲಿಲ್ಲ, ಅಷ್ಟೇ.

ನೀವೋ, ಕೊನೆಯ ಪಂಕ್ತಿ ಏಳುವವರೆಗೂ ಕುರ್ಚಿ ಬಿಟ್ಟು ಅಲುಗಾಡದೆ ಕೂತಿದ್ದು, ಆಮೇಲೆ ಯಾರಿಗೂ ಹೇಳದೆ ಬಸ್ಸು ಹತ್ತಿದಿರಿ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಬನ್ನು, ಒಂದು ಟೀ. ಆ ಬನ್ನು ಎಂಥಾ ಹೆಸರು ಮಾಡಿತು ಬೀಗಿತ್ತಿ! ಮಗನ ಮದುವೆ ದಿನ ಬನ್ನು ತಿಂದ ತಾಯಿ ಅಂತ ಹೆತ್ತೂರಿನಿಂದ ಕುಂದೂರಿನವರೆಗೆ ಮಾತಾಯಿತು. ನಾನು ಸಂತೆಗೆ ಹೋದರೆ ಬೇಕರಿಯವನೂ ನನ್ನ ಮುಖ ನೋಡಿ ನಗುತ್ತಿದ್ದ.

ಅದಾದ ವಾರಕ್ಕೆ ನಿಮ್ಮ ಮನೆಯಲ್ಲಿ ಬೀಗರೂಟ. ನಾನು ಹಸಿರು ರೇಷ್ಮೆ ಸೀರೆ ಉಟ್ಟು ಬಂದು ನಿಮ್ಮ ಜಗಲಿಯ ಮೇಲೆ ಕೂತೆ. ನೀವು ಹೊರಗೆ ಬಂದು, ನನ್ನ ಕಡೆ ನೋಡದೆ, ಪಕ್ಕದ ಕಂಬಕ್ಕೆ ಹೇಳಿದಿರಿ. "ಎಲೆ ಹಾಕೈತೆ. ಉಣ್ಣೋರು ಉಣ್ಬೋದು." ಕಂಬ ಎದ್ದು ಹೋಗಿ ಉಂಡಿತೋ ಇಲ್ಲವೋ ನನಗೆ ತಿಳಿಯದು, ನಾನಂತೂ ಏಳಲಿಲ್ಲ. ಒಳಗಿಂದ ನಾಟಿ ಕೋಳಿ ಸಾರಿನ ವಾಸನೆ ಜಗಲಿಯ ತನಕ ಬರುತ್ತಿತ್ತು. ಅದನ್ನು ಮೂಸಿಕೊಂಡು, ಒಂದು ಚೊಂಬು ನೀರು ಕುಡಿದು ವಾಪಸು ಬಂದೆ. ಅವತ್ತಿನಿಂದ ನಾವಿಬ್ಬರೂ ಮಾತು ಬಿಟ್ಟೆವು. ಎರಡು ವರ್ಷದ ಮೇಲಾಯಿತು, ಬೀಗಿತ್ತಿಯರು ಅಂತ ಅನ್ನಿಸಿಕೊಂಡವರು ಒಂದು ದಿನವೂ ಎದುರುಬದುರು ಕೂತು ಒಂದು ತುತ್ತು ತಿನ್ನಲಿಲ್ಲ.

ಹೀಗಿರುವಾಗ ರಶ್ಮಿತಾಗೆ ದಿನ ತುಂಬಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಆದರೆ ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದರು. ಧರ್ಮನ ಕೆಲಸ ಡೆಲ್ಲಿಯಲ್ಲಿ, ವಿಮಾನದ ಕಂಪನಿಯಲ್ಲಿ, ಸಾಮಾನು ಇಳಿಸಿ ಹತ್ತಿಸುವವರ ಮೇಲಿನ ಸೂಪರ್‌ವೈಸರು. ಅವನು ನಮ್ಮಿಬ್ಬರಿಗೂ ಒಂದೇ ವಿಮಾನಕ್ಕೆ ಟಿಕೆಟ್ ಮಾಡಿಸಿಬಿಟ್ಟ. ಗಂಡಸರು ಯಾರೂ ಹೊರಡುವ ಹಾಗಿರಲಿಲ್ಲ, ಕಾಫಿ ಹಣ್ಣಾಗಿ ಕುಯ್ಲು ಬಿದ್ದಿತ್ತು. ರಶ್ಮಿತಾ ಫೋನು ಮಾಡಿ ಖಡಾಖಂಡಿತವಾಗಿ ಹೇಳಿದಳು. "ಅವ್ವಾ, ಇಬ್ರೂ ಮಾತಾಡ್ಕೊಂಡು ಬರೋದಾದ್ರೆ ಬನ್ನಿ. ಇಲ್ಲಿಗೆ ಬಂದೂ ಗೋಡೆ ಕಂಬಕ್ಕೆ ಹೇಳೋದಾದ್ರೆ ಇಬ್ರೂ ಬರ್ಬೇಡಿ. ನಂಗೆ ಪಕ್ಕದ್ಮನೆ ಪಂಜಾಬಿ ಆಂಟಿ ಅವ್ರೆ." ನಾನು, "ಅಯ್ಯೋ, ನಾವೀಗ ಅಕ್ಕತಂಗೀರ ಹಂಗಿದ್ದೀವಿ ಕಣೆ" ಅಂತ ಸುಳ್ಳು ಹೇಳಿದೆ. ನೀವೂ ಅದೇ ಸುಳ್ಳನ್ನೇ ಹೇಳಿದ್ದಿರಿ ಅಂತ ಆಮೇಲೆ ಗೊತ್ತಾಯಿತು. ಮಗಳು ಅಷ್ಟು ದೂರದಲ್ಲಿ ಹೊಟ್ಟೆ ಹೊತ್ತುಕೊಂಡು ಕೂತಿದ್ದಾಳೆ, ನಾವು ಮಾತಾಡದೆ ಹೋಗಿ ಅವಳೆದುರು ನಿಂತರೆ ಆ ಹುಡುಗಿಯ ಮನಸ್ಸು ಏನಾಗಬೇಕು? ಆ ಭಯ ದಾರಿಯುದ್ದಕ್ಕೂ ನನ್ನನ್ನು ತಿನ್ನುತ್ತಿತ್ತು. ಆದರೂ ಬಾಯಿ ಬರಲಿಲ್ಲ. ಕತ್ತಲಿರುವಾಗಲೇ ಸಕಲೇಶಪುರದಲ್ಲಿ ಬಸ್ಸು ಹತ್ತಿದ ನೀವು ಮುಂದಿನ ಸೀಟು, ಆಲೂರಿನಲ್ಲಿ ಹತ್ತಿದ ನಾನು ಹಿಂದಿನ ಸೀಟು. ಬೆಂಗಳೂರಿನ ತನಕ ನಿಮ್ಮ ತುರುಬನ್ನೇ ನೋಡಿಕೊಂಡು ಬಂದೆ.

ಬೆಂಗಳೂರಿನಲ್ಲಿ ನಿಮ್ಮ ತಮ್ಮನ ಮಗ ಬಾಲು ತನ್ನ ಟ್ಯಾಕ್ಸಿಯಲ್ಲಿ ನಮ್ಮನ್ನು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣಕ್ಕೆ ಕರೆದೊಯ್ದು ಬಾಗಿಲಲ್ಲಿ ಬಿಟ್ಟ. ಒಳಗೆ ತಪಾಸಣೆಯಲ್ಲಿ ನಿಮ್ಮ ಎಲೆಅಡಿಕೆ ಸಂಚಿಯಿಂದ ಅಡಕತ್ತರಿ ಕಿತ್ತುಕೊಂಡರು. ನಿಮ್ಮ ಅತ್ತೆಯ ಕಾಲದ್ದಂತೆ ಅದು. ಆ ಪೋಲೀಸು ಹುಡುಗಿ "ನಹೀ ಜಾಯೇಗಾ" ಅನ್ನುತ್ತಿದ್ದಳು, ನೀವು "ಅಡಿಕೆ ಕತ್ತರಿಸಾಕೆ ಕಣಮ್ಮ, ಯಾರ ಕತ್ತು ಕತ್ತರಿಸಾಕೂ ಅಲ್ಲ" ಅನ್ನುತ್ತಿದ್ದಿರಿ. ನನಗೆ ನಗು ಉಕ್ಕಿ ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನೀವು ನೋಡಿದಿರಿ ಅಂತ ನನಗೆ ಗೊತ್ತು.

ಆಮೇಲೆ ಅಭಿಷೇಕ್ ಬಂದ. ಧರ್ಮನ ಕಂಪನಿಯದೇ ಹುಡುಗ, ಬೆಂಗಳೂರಿನಲ್ಲಿರುವವನು. ಡೆಲ್ಲಿಯಲ್ಲಿ ಮಂಜು ಮುಸುಕಿ ವಿಮಾನ ಮೂರು ನಾಲ್ಕು ಗಂಟೆ ತಡ ಅಂತ ಹೇಳಿ, ನಮ್ಮಿಬ್ಬರನ್ನೂ ಮೇಲಿನ ಮಹಡಿಯ ಲೌಂಜಿಗೆ ಕರೆದೊಯ್ದ. ದೊಡ್ಡ ಟಿಕೆಟ್ಟಿನವರು ಕೂರುವ ಜಾಗವಂತೆ, ಧರ್ಮ ಹೇಳಿ ನಮಗೂ ಪಾಸು ಮಾಡಿಸಿದ್ದ. ಕಾಲಿಟ್ಟರೆ ಜಮಖಾನೆ ಒಳಕ್ಕೆ ಇಳಿಯಿತು, ಕೂತರೆ ಸೋಫಾ ಒಳಕ್ಕೆ ಇಳಿಯಿತು. ಕೂತ ಮೇಲೆ ಏಳುವುದು ಹೇಗೆ ಅನ್ನುವುದೇ ನನಗೆ ಚಿಂತೆಯಾಯಿತು. ಗಾಜಿನ ಗೋಡೆಯಾಚೆ ವಿಮಾನಗಳು, ಈಚೆ ಇಂಗ್ಲಿಷ್ ಪೇಪರು ಓದುವ ಕೋಟಿನ ಗಂಡಸರು. ಒಂದು ಪಕ್ಕದಲ್ಲಿ ಉದ್ದನೆಯ ಮೇಜು, ಮೇಲೆ ಸಾಲಾಗಿ ಮುಚ್ಚಳದ ಸ್ಟೀಲ್ ಪಾತ್ರೆಗಳು, ಕೆಳಗೆ ಸಣ್ಣ ಸಣ್ಣ ದೀಪ. ಅಭಿಷೇಕ್ ಹೇಳಿದ, "ಅಮ್ಮಾ, ಆರಾಮಾಗಿ ಕೂತಿರಿ. ಊಟ, ತಿಂಡಿ, ಕಾಫಿ ಎಲ್ಲಾ ಇಲ್ಲೇ. ಟೈಮಾದಾಗ ನಾನೇ ಬಂದು ಕರೀತೀನಿ." ಹೇಳಿ ಹೋಗಿಬಿಟ್ಟ.

ನಾನೇ ಬಂದು ಕರೀತೀನಿ ಅಂದ ಮೇಲೆ ಮುಗಿಯಿತಲ್ಲ. ವಿಮಾನಕ್ಕೆ ಕರೆಯುವ ಮಾತು ಅವನು ಆಡಿದ್ದು, ಊಟಕ್ಕೆ ಕರೆಯುತ್ತಾನೆ ಅಂತ ನಾವು ತಿಳಿದದ್ದು. ಮಾತಾಡದ ನಾವಿಬ್ಬರೂ ಆ ಒಂದು ವಿಷಯದಲ್ಲಿ ಒಂದೇ ಥರ ತಿಳಿದೆವು ನೋಡಿ. ಊಟ ಇನ್ನೇನು ಬಂತು ಅಂತ ನೀವು ಚೀಲದಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು ನುಂಗಿ ನೀರು ಕುಡಿದಿರಿ. ನಾನು ಕೈ ತೊಳೆದು ಬಂದು ಸೆರಗು ಸರಿಮಾಡಿಕೊಂಡು ಕೂತೆ. ನೀವು ಆ ಸೋಫಾ, ನಾನು ಈ ಸೋಫಾ, ನಡುವೆ ಒಂದು ಪ್ಲಾಸ್ಟಿಕ್ ಹೂವಿನ ಕುಂಡ.

ಜನ ಬಂದರು, ತಟ್ಟೆ ತಗೊಂಡರು, ತಾವೇ ಮುಚ್ಚಳ ತೆಗೆದರು, ತಾವೇ ಬಡಿಸಿಕೊಂಡರು, ಉಂಡರು, ಎದ್ದು ಹೋದರು. ಯಾರೂ ಯಾರನ್ನೂ ಕರೆಯಲಿಲ್ಲ. ಒಬ್ಬರು ಉಣ್ಣುತ್ತಿರುವಾಗಲೇ ಪಕ್ಕದವರು ಎದ್ದು ಕೈ ತೊಳೆದರು. ಇವರೆಲ್ಲ ಮನೆಯವರೇ ಇರಬೇಕು, ನೆಂಟರನ್ನು ಆಮೇಲೆ ಕರೆಯುತ್ತಾರೆ ಅಂತ ನಾನು ಸಮಾಧಾನ ಮಾಡಿಕೊಂಡೆ. ಒಂದು ಗಂಟೆಯ ಮೇಲಾಯಿತು. ಬೆಳಗಿನ ಜಾವ ಮನೆ ಬಿಟ್ಟವಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಣಂತಿಗೆ ಅಂತ ಮಾಡಿದ್ದ ಅಂಟಿನುಂಡೆಯಾದರೂ ಕೈಯಲ್ಲಿತ್ತೆ, ಅದೂ ದೊಡ್ಡ ಪೆಟ್ಟಿಗೆಯ ಜೊತೆ ಕೆಳಗೆ ಹೋಗಿತ್ತು. ಎದ್ದು ಹೋಗಿ ಎರಡು ಇಡ್ಲಿ ಹಾಕಿಕೊಳ್ಳೋಣ ಅಂತ ಎರಡು ಸಲ ಅನ್ನಿಸಿತು. ನೀವು ಕೂತಿರುವಾಗ ನಾನು ಕರೆಯದೆ ಎದ್ದರೆ? ಹೆತ್ತೂರಿನಲ್ಲಿ ಅದೊಂದು ಹೊಸ ಬನ್ನು ಆಗುತ್ತಿತ್ತು. ಕೂತಲ್ಲೇ ಕೂತೆ.

ಆಗ ನಿಮ್ಮ ಕೈ ನೋಡಿದೆ. ಮಡಿಲಲ್ಲಿ ಸಂಚಿ ಹಿಡಿದುಕೊಂಡಿದ್ದಿರಿ, ಬೆರಳು ನಡುಗುತ್ತಿದ್ದವು. ಆ ಏಸಿಯ ಥಂಡಿಯಲ್ಲಿ ನಿಮ್ಮ ಮೂಗಿನ ಮೇಲೆ ಬೆವರು. ನಮ್ಮತ್ತೆಗೂ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ನುಂಗಿ ಉಣ್ಣದೆ ಕೂತರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡವಳು. ಆದರೆ ತಟ್ಟೆ ತಂದು ಕೊಟ್ಟರೆ ನೀವು ಮುಟ್ಟುವವರಲ್ಲ, ಅದೂ ಗೊತ್ತಿತ್ತು. ಕರೆಯುವವರು ಬೇಕು. ಈ ಮನೆಗೆ ಯಜಮಾನರು ಯಾರು?

ಬಾಗಿಲ ಹತ್ತಿರ ಕೂತಿದ್ದ ಹುಡುಗಿಯ ಹತ್ತಿರ ಓಡಿದೆ. ತುಟಿಗೆ ಬಣ್ಣ, ಕುತ್ತಿಗೆಗೆ ರುಮಾಲು, ಪುಣ್ಯಕ್ಕೆ ಕನ್ನಡ ಬರುತ್ತಿತ್ತು. "ಅಮ್ಮಣ್ಣಿ, ನಮ್ಮ ಬೀಗ್ತಿನ ಒಂಚೂರು ಊಟಕ್ಕೆ ಕರಿ" ಅಂದೆ. ಅವಳು, "ಆಂಟಿ, ಇಲ್ಲಿ ಯಾರೂ ಕರೆಯಲ್ಲ. ಬೇಕಾದ್ದು ನೀವೇ ತಗೋಬಹುದು" ಅಂದಳು. "ನಾನು ತಗೋತೀನಿ ಕಣೆ ತಾಯಿ, ಅವ್ರು ತಗೊಳ್ಳಲ್ಲ. ಬಂದು ಏಳಿ ಅನ್ನು, ಅಷ್ಟು ಸಾಕು" ಅಂತ ಕೈ ಹಿಡಿದುಕೊಂಡೆ. ಒಳ್ಳೆ ಹುಡುಗಿ, ಬಂದಳು. ಆದರೆ ನಿಮ್ಮೆದುರು ನಿಂತ ಕೂಡಲೇ ಅವಳಿಗೆ ಕಲಿಸಿದ ಮಾತೇ ಬಾಯಿಗೆ ಬಂತು. "ಮೇಡಂ, ಪ್ಲೀಸ್, ಹೆಲ್ಪ್ ಯುವರ್‌ಸೆಲ್ಫ್" ಅಂದುಬಿಟ್ಟಳು. ನೀವು ಅವಳನ್ನು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿ ಯಾರ ಮನೆಯೋಳು?" ಅಂತ ಕೇಳಿದಿರಿ. ಯಾರನ್ನು ಕೇಳಿದಿರಿ ಗೊತ್ತೇ? ಆ ಪ್ಲಾಸ್ಟಿಕ್ ಹೂವಿನ ಕುಂಡವನ್ನು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕಂಬ ಆಯಿತು, ಈಗ ಕುಂಡ. ಇಲ್ಲಿ ನಿಮಗೆ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ಮಗಳಿಗೆ ನಾನು ಏನಂತ ಮುಖ ತೋರಿಸಲಿ? ಹುಟ್ಟುವ ಕೂಸಿಗೆ ಏನು ಹೇಳಲಿ, ನಿನ್ನಜ್ಜಿಯನ್ನು ಊಟಕ್ಕೆ ಕರೆಯುವವರು ಇಲ್ಲದೆ ಹೀಗಾಯಿತು ಅಂತಲೇ? ಬಂದು ನಿಮ್ಮೆದುರು ನಿಂತೆ. ನಡುಗುತ್ತಿದ್ದ ಆ ಕೈ ಹಿಡಿದುಕೊಂಡೆ, ತಣ್ಣಗಿತ್ತು. "ಏಳಿ ಬೀಗ್ತಿ. ಊಟಕ್ಕೇಳಿ. ರಶ್ಮಿತಾನ ಅವ್ವ ಕರೀತಾ ಇದೀನಿ" ಅಂದೆ.

ನೀವು ತಲೆಯೆತ್ತಿ ನೋಡಿದಿರಿ. "ನೀವು ಉಂಡ್ರಾ?" ಅಂದಿರಿ. ಇಲ್ಲ ಅಂದೆ. "ಯಾಕೆ?" ಅಂದಿರಿ. "ನನ್ನನ್ನೂ ಯಾರೂ ಕರೀಲಿಲ್ಲ" ಅಂದೆ. ಅಷ್ಟು ಸುಸ್ತಿನಲ್ಲೂ ನಿಮಗೆ ನಗು ಬಂತು. "ಥೂ ನಮ್ಮ! ಇಬ್ರೂ ಹಿಂಗೇ ಸತ್ತೋಗ್ತಿದ್ವಲ್ರೀ. ನೀವೂ ಏಳಿ ಹಂಗಾದ್ರೆ, ಊಟಕ್ಕೇಳಿ" ಅಂತ ನನ್ನ ಕೈ ಹಿಡಿದೇ ಎದ್ದಿರಿ. ಸೋಫಾ ಬಿಡಲಿಲ್ಲ, ನಾನು ಎಳೆದೆ. ನಮ್ಮಿಬ್ಬರ ಮಧ್ಯೆ ಕುಂಡ ಉರುಳಿ ಬಿತ್ತು. ಬೀಳಲಿ ಬಿಡಿ, ಅದಕ್ಕೆ ಅಲ್ಲೇನು ಕೆಲಸ.

ಆ ಊಟ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮೊದಲು ನಿಮಗೆ ಒಂದು ಲೋಟ ಹಣ್ಣಿನ ರಸ ಕುಡಿಸಿದೆ, ಕೈ ನಡುಕ ನಿಂತಿತು, ಜೀವ ಬಂತು. ಆಮೇಲೆ ನಾನು ನಿಮ್ಮ ತಟ್ಟೆಗೆ ಬಡಿಸಿದೆ, ನೀವು ನನ್ನ ತಟ್ಟೆಗೆ ಬಡಿಸಿದಿರಿ. ನಾನು ಒಂದು ಸೌಟು ಕೋಳಿ ಸಾರು ಹಾಕಿದರೆ ನೀವು ಎರಡು ಹಾಕಿದಿರಿ. ಸಾಕು ಸಾಕು ಅಂತ ತಟ್ಟೆಗೆ ಅಡ್ಡ ಕೈ ಹಿಡಿದರೆ ಕೈಯ ಸಂದಿಯಲ್ಲೇ ಪಲಾವು ಸುರಿದಿರಿ. ಕೋಟಿನವರೆಲ್ಲ ಪೇಪರು ಕೆಳಗಿಳಿಸಿ ನಮ್ಮನ್ನೇ ನೋಡಿದರು. ಎರಡು ವರ್ಷದ ಬಾಕಿ ಬೀಗರೂಟ ಅದು, ಅವರಿಗೇನು ಗೊತ್ತು. ಸಾರು ಸಪ್ಪೆ, ಕೋಳಿಯೋ ಹತ್ತಿಯೋ ಅಂತ ತಿಳಿಯದ ಮಾಂಸ. ಕಾಫಿಯ ಮಿಷಿನ್ನಿನಿಂದ ಒಂದು ಲೋಟ ಹಿಡಿದು ತಂದಾಗ ನೀವು ಮೂಸಿ ನೋಡಿ, "ಬೀಜನ ಹುರಿದಿಲ್ಲ, ಸುಟ್ಟುಬುಟ್ಟವ್ರೆ" ಅಂದಿರಿ. ಆದರೂ ಕುಡಿದಿರಿ. ನಾನು ಜನ್ಮದಲ್ಲಿ ಅಷ್ಟು ರುಚಿಯಾಗಿ ಉಂಡಿರಲಿಲ್ಲ ಬೀಗಿತ್ತಿ. ಇದನ್ನು ಬಾಯಿ ಬಿಟ್ಟು ನಿಮಗೆ ಯಾವತ್ತೂ ಹೇಳಿಲ್ಲ, ಈಗ ಹೇಳಿದ್ದೇನೆ.

ಆ ಬಿಳಿ ಗಡ್ಡದ ಸರ್ದಾರ್ಜಿಯನ್ನು ಮರೆತಿಲ್ಲ ತಾನೆ? ಮೂಲೆಯಲ್ಲಿ ಒಬ್ಬರೇ ತಟ್ಟೆ ಹಿಡಿದು ಕೂತಿದ್ದರು. ಜೀವ ಬಂದದ್ದೇ ತಡ, ನಿಮ್ಮೊಳಗಿನ ಮನೆಯೊಡತಿ ಎದ್ದುಬಿಟ್ಟಳು. "ಪಾಪ, ಒಬ್ರೇ ಉಣ್ತಾವ್ರೆ. ಬನ್ನಿ ಸ್ವಾಮಿ, ಇತ್ತಲಾಗಿ ಬನ್ನಿ" ಅಂತ ಕನ್ನಡದಲ್ಲೇ ಕರೆದಿರಿ. ಅವರಿಗೆ ಭಾಷೆ ತಿಳಿಯಲಿಲ್ಲ, ಕರೆದದ್ದು ತಿಳಿಯಿತು. ತಟ್ಟೆ ಹಿಡಿದುಕೊಂಡು ಬಂದು ನಮ್ಮ ಪಕ್ಕ ಕೂತರು. ನೀವು ಅವರಿಗೆ ಜಾಮೂನು ಹಾಕಿದಿರಿ, ಬೇಡ ಅಂತ ತಲೆ ಆಡಿಸಿದ ಮೇಲೂ ಇನ್ನೊಂದು ಹಾಕಿದಿರಿ. ಅಷ್ಟರಲ್ಲಿ ಅಭಿಷೇಕ್ ಓಡಿ ಬಂದ, "ಅಮ್ಮಾ ಬೇಗ, ವಿಮಾನಕ್ಕೆ ಕರೀತಾವ್ರೆ" ಅಂತ. ನೀವು ಕದಲಲಿಲ್ಲ. "ಇರಪ್ಪಾ, ಆ ಯಜಮಾನ್ರು ಇನ್ನೂ ಉಣ್ತಾವ್ರೆ. ಪಂಕ್ತಿ ಬಿಟ್ಟು ಹೆಂಗೆ ಏಳೋದು?" ಅಂದಿರಿ. ಅಭಿಷೇಕ್ ತಲೆ ತಲೆ ಚಚ್ಚಿಕೊಂಡು ಹಿಂದಿಯಲ್ಲಿ ಅವರಿಗೆ ವಿಷಯ ತಿಳಿಸಿದ. ಆ ಪುಣ್ಯಾತ್ಮ ಉಳಿದ ಜಾಮೂನನ್ನು ಒಂದೇ ಸಲ ಬಾಯಿಗೆ ಹಾಕಿಕೊಂಡು ಎದ್ದು ನಿಂತು, ನಿಮಗೆ ಕೈ ಮುಗಿದರು. ಊಟ ಹಾಕಿದ ಮನೆಯವರಿಗೆ ಮುಗಿಯುವ ಹಾಗೆಯೇ ಮುಗಿದರು.

ಏಳುವ ಮೊದಲು ನಾನು ಇನ್ನೊಂದು ಮಾಡಿದೆ, ಜ್ಞಾಪಿಸಿಕೊಳ್ಳಿ. ನಿಮ್ಮ ಸಂಚಿಯಲ್ಲಿ ಎಲೆ ಇತ್ತು, ಇಡೀ ಅಡಿಕೆ ಇತ್ತು, ಕತ್ತರಿಸಲು ಅಡಕತ್ತರಿ ಇರಲಿಲ್ಲ. ನನ್ನ ಚೀಲದಲ್ಲಿ ಮನೆಯಲ್ಲೇ ಕತ್ತರಿಸಿ ತಂದ ಅಡಿಕೆ ಚೂರು, ನಮ್ಮ ಹಿತ್ತಲಿನ ಎಲೆ ಇತ್ತು. ಮಡಿಚಿ ಕೊಟ್ಟೆ. ನೀವು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿರಿ.

ಈಗ ಹೇಳಿ. ಅನ್ನ ನನ್ನದಲ್ಲ, ಒಪ್ಪಿದೆ. ಆದರೆ ಕರೆದ ಬಾಯಿ ನನ್ನದು, ಹಿಡಿದ ಕೈ ನನ್ನದು, ಕೊನೆಗೆ ಕೊಟ್ಟ ಎಲೆಅಡಿಕೆ ಕುಂದೂರಿನದು. ಅದೇ ಎಲೆಅಡಿಕೆ ಜಗಿಯುತ್ತಾ ನೀವು ವಿಮಾನ ಹತ್ತಿದಿರಿ, ಮೇಲೇರುವಾಗ ಹೆದರಿ ನನ್ನ ಕೈ ಗಟ್ಟಿಯಾಗಿ ಹಿಡಿದಿರಿ. ನಾನೂ ಹೆದರಿದ್ದೆ, ನೀವು ಹಿಡಿದದ್ದು ಒಳ್ಳೆಯದೇ ಆಯಿತು. ಡೆಲ್ಲಿಯಲ್ಲಿ ಬಾಗಿಲು ತೆಗೆದ ರಶ್ಮಿತಾ, ಕೈ ಕೈ ಹಿಡಿದು ನಿಂತ ನಮ್ಮನ್ನು ನೋಡಿ ಅತ್ತೇಬಿಟ್ಟಳು. ಮಗು ಹುಟ್ಟಿದಾಗ ಮೊದಲು ಎತ್ತಿಕೊಂಡವರು ನೀವು. ಒಂದೇ ಕೋಣೆಯಲ್ಲಿ ಇಬ್ಬರೂ ಬಾಣಂತನ ಮಾಡಿದೆವು, ಎಣ್ಣೆ ಬಿಸಿ ಹೆಚ್ಚು ಕಮ್ಮಿ ಅಂತ ದಿನಾ ಕಚ್ಚಾಡಿದೆವು, ದಿನಾ ಒಟ್ಟಿಗೆ ಉಂಡೆವು. ಮೆಣಸು ಕುಯ್ಯುವ ಕಾಲಕ್ಕೆ ನೀವು ಮೊದಲು ಊರಿಗೆ ಹೊರಟಾಗ ನನಗೆ ಕಣ್ಣಲ್ಲಿ ನೀರು ಬಂತು. ಒಗ್ಗರಣೆ ಹೊಗೆ ಅಂತ ನಿಮಗೆ ಹೇಳಿದೆ, ಅವತ್ತು ಒಗ್ಗರಣೆಯೇ ಹಾಕಿರಲಿಲ್ಲ. ಆಮೇಲೆ ನಾನು ತಾಯಿ ಮಗುವನ್ನು ಕರೆದುಕೊಂಡು ಕುಂದೂರಿಗೆ ಬಂದೆ.

ಇಷ್ಟೆಲ್ಲ ಆದ ಮೇಲೂ ನೀವು ಬರುವುದಿಲ್ಲ ಅಂದಿರಲ್ಲ ಅಂತ ಒಂದು ದಿನವೆಲ್ಲ ಸಿಟ್ಟಿನಲ್ಲಿ ಉರಿದೆ. ನಿನ್ನೆ ಮಗುವಿಗೆ ನೀರು ಹಾಕುವಾಗ ಹೊಳೆಯಿತು. ನಿಮ್ಮ ಕೋಪ ಲೌಂಜಿನ ಲೆಕ್ಕಕ್ಕಲ್ಲ. ಅವತ್ತು ಮದುವೆಯಲ್ಲೂ ಹುಲಿಯಮ್ಮನನ್ನು ಕಳಿಸಿದೆ, ಇವತ್ತು ನಾಮಕರಣಕ್ಕೂ ಹುಲಿಯಮ್ಮನನ್ನೇ ಕಳಿಸಿದೆ. ಕೂಸನ್ನು ಬಿಟ್ಟು ಬರಲಾಗದೆ ಕಳಿಸಿದ್ದು ನಿಜ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೂ ಇದೇ ಮಾತು ಹೇಳುತ್ತಿದ್ದೆ, ಬಹುಶಃ ಇನ್ನೂ ನಾಲ್ಕು ಸೇರಿಸಿ ಹೇಳುತ್ತಿದ್ದೆ.

ನೀವು ಬರಲೇಬೇಕು ಬೀಗಿತ್ತಿ. ತೊಟ್ಟಿಲಿಗೆ ಹಾಕುವಾಗ ಮಗುವನ್ನು ತೊಟ್ಟಿಲ ಕೆಳಗಿಂದ ಆ ಕಡೆ ದಾಟಿಸಿ ಮೇಲಿಂದ ಈ ಕಡೆಗೆ ತರಬೇಕು. ಈ ಕಡೆ ಅಮ್ಮನ ತಾಯಿ, ಆ ಕಡೆ ಅಪ್ಪನ ತಾಯಿ. ನೀವು ಇಲ್ಲದಿದ್ದರೆ ನಾನು ಚಾಚಿದ ಕೂಸನ್ನು ಆ ಕಡೆ ಯಾರು ತಗೊಳ್ಳಬೇಕು? ಹುಲಿಯಮ್ಮನೇ? ಯಾರಾದರೂ ಉಗ್ರಾಣದ ಬೀಗದ ಕೈ ಕೇಳಿದರೆ ಗತಿ ಏನು?

ಈ ಕಾಗದಕ್ಕೆ ಸ್ಟಾಂಪಿಲ್ಲ, ಅಂಚೆಯ ಮುದ್ರೆ ಇಲ್ಲ. ನೀವು ಗಮನಿಸಿದಿರೋ ಇಲ್ಲವೋ. ಇವತ್ತು ಬರೆದು ಮುಗಿಸಿ, ನಾಳೆ ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿ, ನಾನೇ ತರುತ್ತೇನೆ. ನಿಮ್ಮ ಯಜಮಾನರು ಚಂದ್ರಯ್ಯನವರಿಗೆ ಫೋನಿನಲ್ಲಿ ಮೊದಲೇ ಹೇಳಿಟ್ಟಿದ್ದೇನೆ, ಯಾರು ತಂದರು ಅಂತ ಬಾಯಿ ಬಿಡಬಾರದು, ಒಳಗೆ ಕೊಟ್ಟು ಸುಮ್ಮನಿರಬೇಕು ಅಂತ. ಅವರನ್ನು ಬೈಯಬೇಡಿ. ಹಾಗಾಗಿ ನೀವು ಅಡಿಗೆಮನೆಯಲ್ಲಿ ನಿಂತು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ನಾನು ಹೊರಗೆ ನಿಮ್ಮ ಜಗಲಿಯ ಮೇಲೆ, ಆ ಕಂಬದ ಪಕ್ಕದಲ್ಲೇ, ಅದೇ ಹಸಿರು ಸೀರೆ ಉಟ್ಟು ಕೂತಿದ್ದೇನೆ. ಮಡಿಲಲ್ಲಿ ಕುಂಕುಮದ ಬಟ್ಟಲಿದೆ, ನಿಮಗೆ ಅಂತ ಆಲೂರು ಸಂತೆಯಲ್ಲಿ ತಗೊಂಡ ಹೊಸ ಅಡಕತ್ತರಿ ಇದೆ. ಕುಂಕುಮ ಇಟ್ಟು ಭಾನುವಾರಕ್ಕೆ ನಿಮ್ಮನ್ನು ಕರೆಯುವುದು ನನ್ನ ಕೆಲಸ, ಅದಕ್ಕೇ ಬಂದಿದ್ದೇನೆ. ಈ ಸಲ ಕರೆ ದಾರಿಯಲ್ಲಿ ತಪ್ಪಿ ಹೋಗುವುದಿಲ್ಲ.

ಆದರೆ ಮೊದಲು ನಿಮ್ಮದೊಂದು ಬಾಕಿ ಇದೆ. ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಬೇಕೆಂದೇ ತಿಂದಿಲ್ಲ. ಇದು ಯಾರದೋ ಅನ್ನವಲ್ಲ, ನಿಮ್ಮ ಮನೆಯದೇ, ಲೆಕ್ಕಕ್ಕೆ ಬಂದೇ ಬರುತ್ತದೆ. ಕೋಳಿ ಸಾರು ಬೇಡ, ಶುಕ್ರವಾರ. ರಾತ್ರಿಯ ತಂಗಳಾದರೂ ಆದೀತು. ಕಾಗದ ಮಡಚಿ ಇಡಿ, ಹೊರಗೆ ಬನ್ನಿ, ಕಂಬದ ಕಡೆ ನೋಡದೆ ನನ್ನ ಕಡೆ ನೋಡಿ.

ನಮ್ಮ ಕೂಸು ನೂರು ಕಾಲ ಬಾಳಲಿ, ಕರೆಯುವವರು ಅವಳಿಗೆ ಎಲ್ಲಿ ಹೋದರೂ ಸಿಗಲಿ.

ಹಸಿದುಕೊಂಡು ಕಾಯುತ್ತಿರುವ,
ನಿಮ್ಮ ಬೀಗಿತ್ತಿ
ರಾಜಲಕ್ಷ್ಮಮ್ಮ
(ನಿಮ್ಮದೇ ಜಗಲಿಯಿಂದ)